ಬೀಗ ಹಾಕಿದ್ದ ಬೆಳಕು

ಸರ್ರ್, ಸರ್ರ್ ಎಂದು ಪೊರಕೆಯ ಸದ್ದು. ಶನಿವಾರ ಬಂತೆಂದು ಆ ಬೀದಿಗೆ ಸಾರುವುದು ಕೋಳಿಯಲ್ಲ, ಚರ್ಚಿನ ಗಂಟೆಯೂ ಅಲ್ಲ, ಮೇಲಿನ ಮನೆಯ ಶ್ರೀಮತಿ, ಫ್ರಾವ್ ರಾಯ್ಲೆಯ ಪೊರಕೆ. ಗುಡಿಸುವ ಸರದಿ ತೋರಿಸುವ ಹಲಗೆ ಆ ವಾರ ಯಾರ ಬಾಗಿಲಿಗೆ ತೂಗುತ್ತದೋ ಅವರು ಮೆಟ್ಟಿಲು, ಅಂಗಳ, ಬೀದಿಯಂಚು ಎಲ್ಲವನ್ನೂ ಗುಡಿಸಬೇಕು; ಎಲೆ ಬಿದ್ದಿರಲಿ, ಬಿಡಲಿ. ಹೋದ ವಾರ ಹಲಗೆ ಕೆಳಗಿನ ಮನೆಯ ಓಟ್ಮಾರನ ಬಾಗಿಲಲ್ಲಿತ್ತು. ಈಗ ಆಕೆ ಕಸ ಗುಡಿಸುತ್ತಿಲ್ಲ, ಹೋದ ವಾರ ತಾನು ಗುಡಿಸಿದ್ದರ ಮೇಲೆ ತೀರ್ಪು ಕೊಡುತ್ತಿದ್ದಾಳೆ ಎಂದು ಅವನಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ಆದರೆ ಆ ಶನಿವಾರ ಅವನಿಗೆ ಪೊರಕೆಯ ಟೀಕೆ ತಟ್ಟಲಿಲ್ಲ. ಅದಕ್ಕಿಂತ ದೊಡ್ಡ ದುಃಖವೊಂದನ್ನು ಎದುರಿಗಿಟ್ಟುಕೊಂಡು ಅವನು ಕಾಫಿ ಆರಿಸುತ್ತಿದ್ದ. ಹಿಂದಿನ ಸಂಜೆ ಗಾಯನ ಸಂಘದಲ್ಲಿ ಯಾರೋ ಹೇಳಿದ್ದರು: ಅವನ ಕಾರಿನ ಮುಂದಿನ ದೀಪಗಳು ಬರೀ ದೀಪಗಳಲ್ಲವಂತೆ. ಒಂದೊಂದರೊಳಗೂ ಸಣ್ಣ ಸಣ್ಣ ಹತ್ತಾರು ದೀಪಗಳಿದ್ದು, ಎದುರಿಗೆ ಗಾಡಿ ಬಂದರೆ ಅದರ ಕಣ್ಣಿಗೆ ಚುಚ್ಚುವಷ್ಟನ್ನು ಮಾತ್ರ ತಾವೇ ಆರಿಸಿಕೊಂಡು ಉಳಿದ ರಸ್ತೆಗೆಲ್ಲ ಹಗಲು ಹರಡುತ್ತವಂತೆ. ಅಂಥ ವಿದ್ಯೆ ಕಲಿತ ದೀಪಗಳಿಗೆ ಕಂಪನಿಯವರು ತಂತ್ರಾಂಶದೊಳಗೆ ಬೀಗ ಜಡಿದಿದ್ದಾರೆ. ಬೇಕೆಂದವರು ಇನ್ನಷ್ಟು ಹಣ ಕೊಟ್ಟು ಬಿಡಿಸಿಕೊಳ್ಳಬೇಕು.

ಓಟ್ಮಾರ ಹಲ್ಲುಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗೋಡೆ ಬಳಿದು ಹಲ್ಲುಜ್ಜುವ ವಂಶದವನು. ಉಡುಗೊರೆ ಸುತ್ತಿ ಬಂದ ಕಾಗದವನ್ನು ಇಸ್ತ್ರಿ ಮಾಡಿ ಮುಂದಿನ ಉಡುಗೊರೆಗೆ ಎತ್ತಿಡುವವನು. (ಒಮ್ಮೆ ಅದೇ ಕಾಗದ ಊರು ಸುತ್ತಿ ಅವನಿಗೇ ಮರಳಿ ಬಂದಿತ್ತು, ಅವತ್ತು ಅವನಿಗಾದ ಸಂತೋಷಕ್ಕೆ ಪಾರವಿರಲಿಲ್ಲ.) ತಾನು ಕೊಂಡ ಗಾಜು, ತಾನು ಕೊಂಡ ತಂತಿ, ತನ್ನ ಪೆಟ್ರೋಲಿನಲ್ಲಿ ದಿನಾ ಸವಾರಿ ಮಾಡುತ್ತಾ ಒಳಗೆ ಆರಾಮಾಗಿ ನಿದ್ದೆ ಹೊಡೆಯುತ್ತಿವೆ ಎಂಬುದನ್ನು ಅವನ ಎದೆ ತಾಳಲಿಲ್ಲ.

"ಹಾಗಾದ್ರೆ ನಾವು ಇಷ್ಟು ದಿನ ಕುರುಡಾಗಿ ಓಡಿಸ್ತಾ ಇದ್ವಾ?" ಎಂದಳು ಹೆಂಡತಿ ರೋಸ್ವಿತಾ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ.

"ಕುರುಡಲ್ಲ. ಅರ್ಧ ಕಣ್ಣು ಬಿಟ್ಕೊಂಡು."

"ನೀನು ಮದುವೆಯಾದಾಗಿನಿಂದ ಹಾಗೇ ಇದೀಯ, ಏನೂ ತೊಂದರೆ ಆಗಿಲ್ಲ. ಬೀಗ ಹಾಕಿದವರು ಏನೋ ಕಾರಣಕ್ಕೇ ಹಾಕಿರ್ತಾರೆ ಓಟ್ಮಾರ್. ನಾನೂ ಬಿಸ್ಕತ್ತಿನ ಬೀರುಗೆ ಹಾಕ್ತೀನಿ."

ಅವಳನ್ನು ಒಲಿಸಿಕೊಳ್ಳಲು ಅವನಿಗೆ ಒಂದು ದಾರಿ ಗೊತ್ತಿತ್ತು. ರೋಸ್ವಿತಾ ಊರಿನ ಶಿಶುವಿಹಾರದ ಮುಖ್ಯಸ್ಥೆ. ನವೆಂಬರಿನಲ್ಲಿ, ಚಳಿಗೆ ನಡುಗುವ ಭಿಕ್ಷುಕನಿಗೆ ಕುದುರೆಯ ಮೇಲಿಂದಲೇ ತನ್ನ ಅರ್ಧ ಮೇಲಂಗಿ ಕತ್ತರಿಸಿ ಕೊಟ್ಟ ಸಂತ ಮಾರ್ಟೀನನ ಹಬ್ಬದ ಸಂಜೆ, ಮಕ್ಕಳು ಕಾಗದದ ಲಾಟೀನು ಹಿಡಿದು ಚರ್ಚಿನಿಂದ ಗಿರಣಿಯ ಹುಲ್ಲುಗಾವಲಿನವರೆಗೆ ಹಾಡುತ್ತಾ ಹೋಗುವ ಮೆರವಣಿಗೆ ಅವಳದೇ ಹೊಣೆ. ಕೊನೆಯ ಹಾದಿ ಹಳ್ಳದ ಪಕ್ಕದಲ್ಲಿ, ಬೀದಿದೀಪವಿಲ್ಲದ ಕಡೆ. ಅಲ್ಲಿ ಬೆಳಕು ಬೀರುತ್ತಾ ಹಿಂದಿನಿಂದ ಬರುವುದು ಅವಳ ತಮ್ಮ ಕೊನ್ರಾಡನ ಟ್ರ್ಯಾಕ್ಟರು. ಅದು ಬೆಳಕು ಕೊಡುತ್ತಿತ್ತು, ನಿಜ. ಜೊತೆಗೆ ಹೊಗೆಯನ್ನೂ ಗುಡುಗನ್ನೂ ಕೊಡುತ್ತಿತ್ತು. ಬೇಸಿಗೆ ಮುಗಿದಾಗಿನಿಂದ ಅವಳು ಕಲಿಸುತ್ತಿದ್ದ ಹಾಡು ಗಿರಣಿ ಸೇತುವೆಯ ಹತ್ತಿರ ಬರುವಷ್ಟರಲ್ಲಿ ಮಕ್ಕಳ ಬಾಯಿ ತೆರೆದು ಮುಚ್ಚುವುದಷ್ಟೇ ಆಗಿ ಉಳಿಯುತ್ತಿತ್ತು. ಒಂದೇ ಒಂದು ವರ್ಷ ಆ ಹಾಡನ್ನು ಅಲ್ಲಿ ಕಿವಿಯಾರೆ ಕೇಳಬೇಕು ಎಂಬುದು ಅವಳ ಆಸೆ. ಅದನ್ನು ಅವಳು ಯಾರಿಗೂ ಹೆಚ್ಚು ಹೇಳಿಕೊಂಡವಳಲ್ಲ. ಒಮ್ಮೆ ಪಾತ್ರೆ ಒರೆಸುತ್ತಾ ಅಂದಿದ್ದಳು, ಅಷ್ಟೆ.

ಓಟ್ಮಾರ ಅದನ್ನು ಮರೆತಿರಲಿಲ್ಲ. ಸದ್ದಿಲ್ಲದ, ಹೊಗೆಯಿಲ್ಲದ, ಹಗಲಿನಂಥ ಬೆಳಕನ್ನು ಈ ವರ್ಷ ತನ್ನ ಕಾರೇ ಕೊಡುತ್ತದೆ ಎಂದು ಅವನು ಮಾತು ಕೊಟ್ಟ. ಮಾತಿನ ಭರದಲ್ಲಿ ಇನ್ನೊಂದನ್ನೂ ಸೇರಿಸಿದ: ಲಾಟೀನುಗಳಿಗೆ ಮೇಣದಬತ್ತಿ ದಂಡ, ಅಪಾಯ ಬೇರೆ, ಬ್ಯಾಟರಿಯ ಪುಟ್ಟ ಬಿಳಿ ದೀಪಗಳನ್ನು ತಾನೇ ಒಟ್ಟಿಗೆ ಅಗ್ಗಕ್ಕೆ ತರಿಸುತ್ತೇನೆ. ರೋಸ್ವಿತಾ ಒಪ್ಪಿದಳು. ಆಮೇಲೆ ತಮ್ಮನಿಗೆ ಫೋನು ಮಾಡಿ, ಈ ಸಲ ಟ್ರ್ಯಾಕ್ಟರು ಬೇಡ, ನೀನು ಕುದುರೆಯ ಮೇಲೆ ಕೂತು ಸಂತ ಮಾರ್ಟೀನನಾಗು ಎಂದಳು. ಕೊನ್ರಾಡನಿಗೆ ಅದು ಬಡ್ತಿಯೋ ಶಿಕ್ಷೆಯೋ ತಿಳಿಯಲಿಲ್ಲ.

ಹೀಗೆ ಗ್ಯಾರೇಜಿನಲ್ಲಿ ಮಹಾಯಜ್ಞ ಆರಂಭವಾಯಿತು. ಸ್ಟೀರಿಂಗಿನ ಕೆಳಗೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಯಂತ್ರ, ಮಡಿಲಲ್ಲಿ ಲ್ಯಾಪ್‌ಟಾಪು, ಪಕ್ಕದಲ್ಲಿ ಉಪ್ಪುಬ್ರೆಡ್ಡು. ಕಾರಿನ ಮಿದುಳು ಸೊನ್ನೆ ಒಂದುಗಳ ಉದ್ದುದ್ದ ಸಾಲುಗಳಾಗಿ ಪರದೆಯ ಮೇಲೆ ಹರಡಿಕೊಂಡಿತು. ಇಲ್ಲೊಂದು ಸೊನ್ನೆಯನ್ನು ಒಂದು ಮಾಡಿದರೆ ಹಾರ್ನು ಕೂಗುತ್ತಿತ್ತು. ಅಲ್ಲೊಂದು ಒಂದನ್ನು ಸೊನ್ನೆ ಮಾಡಿದರೆ ಹಿಂದಿನ ಗಾಜಿನ ಒರಸುಕಡ್ಡಿ ಮಳೆಯಿಲ್ಲದೆಯೇ ಎದ್ದು ಒಂದು ಸಲಾಮು ಹೊಡೆದು ಮಲಗುತ್ತಿತ್ತು. ಕೊನೆಗೆ ಅಂತರ್ಜಾಲದ ಪುಣ್ಯಾತ್ಮನೊಬ್ಬ ಗುಟ್ಟು ಬಿಚ್ಚಿದ: ಫಿನ್ಲೆಂಡಿನಲ್ಲಿ ಕತ್ತಲು ಜಾಸ್ತಿ, ಅಲ್ಲಿಗೆ ಹೋಗುವ ಕಾರುಗಳಲ್ಲಿ ಈ ದೀಪ ಬೀಗವಿಲ್ಲದೆ ಇರುತ್ತದೆ. ಆದ್ದರಿಂದ ಕಾರಿಗೆ ತಾನು ಫಿನ್ಲೆಂಡಿನಲ್ಲಿದ್ದೇನೆ ಎಂದು ನಂಬಿಸಿಬಿಟ್ಟರಾಯಿತು.

ಕಾರು ನಂಬಿತು. ಎಷ್ಟು ಪ್ರಾಮಾಣಿಕವಾಗಿ ನಂಬಿತೆಂದರೆ ಆ ಕ್ಷಣದಿಂದ ಅದು ಫಿನ್ನಿಷ್ ಭಾಷೆ ಬಿಟ್ಟು ಬೇರೆ ಮಾತಾಡಲಿಲ್ಲ. ಪರದೆಯ ಮೇಲಿನ ಪದಗಳಲ್ಲಿ ಸ್ವರಗಳು ಜೋಡಿಜೋಡಿಯಾಗಿ ನಿಂತಿದ್ದವು. ಭಾಷೆಯನ್ನು ವಾಪಸು ತಂದರೆ ದೀಪಕ್ಕೆ ಮತ್ತೆ ಬೀಗ ಬೀಳುತ್ತಿತ್ತು. ಓಟ್ಮಾರ ದೀಪವೇ ಇರಲಿ ಎಂದುಕೊಂಡ. ಓದಲು ಬಾರದ ಆ ಪರದೆಯಲ್ಲಿ ದೀಪದ ವಿದ್ಯೆಯನ್ನು ನಿಲ್ಲಿಸಲು ಒತ್ತಬೇಕಾದದ್ದು ಮೂರನೆಯ ಸಾಲು, ಎರಡನೆಯ ಚೌಕ ಎಂದು ಬಾಯಿಪಾಠ ಮಾಡಿಕೊಂಡ.

"ನಾನು ಬೇಕರಿಗೆ ಫಿನ್ಲೆಂಡಿನ ಮೇಲೆ ಹೋಗಿ ಬರ್ತೀನಿ" ಎಂದು ರೋಸ್ವಿತಾ ಕೀಲಿಕೈ ತೆಗೆದುಕೊಂಡು ಹೋಗುವುದು ಆಮೇಲೆ ರೂಢಿಯಾಯಿತು.

ಆದರೂ ಒಂದು ಸಂಜೆ ಅವನು ಅವಳನ್ನು ಕಾಡುರಸ್ತೆಗೆ ಕರೆದೊಯ್ದಾಗ ಅವಳು ಬೆರಗಾದದ್ದು ಸುಳ್ಳಲ್ಲ. ಬೀಚ್ ಮರಗಳ ಬೂದು ಕಾಂಡಗಳು ದೂರದವರೆಗೂ ಒಂದೊಂದಾಗಿ ಎದ್ದು ನಿಂತವು. ಎದುರಿಗೆ ಲಾರಿ ಬಂದಾಗ ಬೆಳಕು ಅದರ ಸುತ್ತ ಒಂದು ಕತ್ತಲ ಕೊಡೆ ಹಿಡಿದು, ಮರ್ಯಾದೆಯಿಂದ ಪಕ್ಕಕ್ಕೆ ಸಾಗಿಸಿ, ಮತ್ತೆ ಕೂಡಿಕೊಂಡಿತು. ದಾರಿಯಲ್ಲಿ ಹೋಗುವ ಪರಕೀಯರಿಗೆಲ್ಲ ಇಷ್ಟು ನಯವೋ, ಎಂದು ಅವಳು ಕೇಳಿದಳು. ಗಂಡಸರು ತಯಾರು ಮಾಡಿದ್ದಿರಬೇಕು, ಎಂದೂ ಸೇರಿಸಿದಳು.

ಅಲ್ಲಿಗೇ ನಿಲ್ಲಿಸಿದ್ದರೆ ಓಟ್ಮಾರ ಗೆದ್ದಿದ್ದ. ಆದರೆ ಈ ವಿದ್ಯೆ ಗಾಡಿ ವೇಗ ಹಿಡಿದಾಗ ಮಾತ್ರ ಏಳುತ್ತದೆ, ನಿಧಾನಕ್ಕೆ ಹೋದರೆ ಮಲಗುತ್ತದೆ ಎಂದು ಅವನಿಗೆ ಗೊತ್ತಾಯಿತು. ಹಾಗಾದರೆ ನಿಧಾನದ ದುಡ್ಡು ದಂಡವಾಯಿತಲ್ಲ? ಮರುದಿನವೇ ಗ್ಯಾರೇಜಿಗೆ ಹೋಗಿ ಆ ವೇಗದ ಮಿತಿಯನ್ನೂ ಸೊನ್ನೆ ಮಾಡಿದ. ಈಗ ಅದು ನಿಂತಲ್ಲೇ ವಿದ್ಯೆ ತೋರಿಸುತ್ತಿತ್ತು. ಅದರ ಜೊತೆಗೆ, ಬೀಗ ಒಡೆದವನು ಬಾಗಿಲೇಕೆ ಬಿಡಬೇಕೆಂದು, ಗಾಡಿ ಆರಿಸಿದಾಗ ದೀಪಗಳು ಕುಣಿದು ವಿದಾಯ ಹೇಳುವ ಒಂದು ನಾಟ್ಯವನ್ನೂ ಬಿಡಿಸಿಕೊಂಡ.

"ಗಾಡಿ ತಪಾಸಣೆಯವನು ಇದೇನು ಅಂತ ಕೇಳಿದ್ರೆ ಫಿನ್ನಿಷ್‌ನಲ್ಲೇ ಉತ್ತರ ಕೊಡ್ತೀಯಾ ಭಾವ?" ಎಂದು ಕೊನ್ರಾಡ ಬೇಲಿಯಾಚೆಯಿಂದ ವಿಚಾರಿಸಿದ. ಸಂತನ ಕೆಂಪು ಮೇಲಂಗಿಯನ್ನು ಆಗಲೇ ತೊಟ್ಟು ನೋಡುತ್ತಿದ್ದ.

ಹಬ್ಬದ ಸಂಜೆ ಮಂಜು ತೆಳ್ಳಗೆ ಇಳಿದಿತ್ತು. ಮುಂದೆ ಮುದಿ ಹೆಣ್ಣುಕುದುರೆಯ ಮೇಲೆ ಕೊನ್ರಾಡ, ಅವನ ಹಿಂದೆ ರೋಸ್ವಿತಾ, ಅವಳ ಹಿಂದೆ ಮುಳ್ಳುಹಂದಿ, ಚಂದ್ರ, ಗೂಬೆ, ಅಣಬೆಗಳ ಆಕಾರದ ಲಾಟೀನುಗಳು, ತಾಯ್ತಂದೆಯರು, ಫ್ರಾವ್ ರಾಯ್ಲೆ. ಎಲ್ಲರ ಹಿಂದೆ, ದಿಗ್ವಿಜಯಕ್ಕೆ ಹೊರಟ ರಥದಂತೆ, ಓಟ್ಮಾರನ ಕಾರು. ಬೀದಿದೀಪಗಳಿರುವ ತನಕ ಅದು ಸುಮ್ಮನೆ ಬಂತು. ಗಿರಣಿಯ ಹಾದಿಗೆ ಹೊರಳಿದ ಕೂಡಲೇ ಅದರ ಫಿನ್ಲೆಂಡು ಎಚ್ಚರವಾಯಿತು.

ಕಾರು ಎದುರಿಗೆ ನೋಡಿತು. ಏನು ನೋಡಿತೋ ಪಾಪ. ದಾರಿಯ ತುಂಬ, ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಹೊಳೆಯುವ ಬಿಳಿ ದೀಪಗಳು, ಅದೂ ಓಟ್ಮಾರನೇ ಆರಿಸಿ ತರಿಸಿದ ಥಳಥಳಿಸುವ ದೀಪಗಳು. ಪ್ರತಿಯೊಂದನ್ನೂ ಅದು ಒಂದೊಂದು ಗಾಡಿ ಎಂದೆಣಿಸಿತು. ತನ್ನ ಜನ್ಮದಲ್ಲೇ ಕಾಣದಷ್ಟು ಟ್ರಾಫಿಕ್ಕನ್ನು ಕಂಡು, ಕಲಿತ ಸಂಸ್ಕಾರ ಬಿಡದೆ, ಮುಳ್ಳುಹಂದಿಗೂ ಅಣಬೆಗೂ ಬೇರೆಬೇರೆಯಾಗಿ ಕತ್ತಲ ಕೊಡೆ ಹಿಡಿಯಿತು. ಕೊಡೆಗಳೆಲ್ಲ ಕೂಡಿ ಮಕ್ಕಳು ನಡೆಯುವ ಹಾದಿಗೆ ಅದರ ಬೆಳಕು ಒಂದು ಹನಿಯೂ ಬೀಳಲಿಲ್ಲ. ಹಾದಿಯ ಎರಡೂ ಕಡೆಯ ಹೊಲಗಳು ಮಾತ್ರ ನಡುಹಗಲಿನಂತೆ ಉರಿದವು. ಕೋಸಿನ ಒಂದೊಂದು ಎಲೆಯನ್ನೂ ಎಣಿಸಬಹುದಿತ್ತು.

ಆ ಹಗಲಿನಲ್ಲಿ ಮೊದಲು ಕಂಡದ್ದು ಬೇಕರಿಯ ಗುಸ್ಟಾವ. ಸಂತ ಬರುವ ತನಕ ಹಳ್ಳದ ಆಚೆಯ ವಿಲೋ ಮರದ ಹಿಂದೆ ಅಡಗಿದ್ದು, ಆಮೇಲೆ ಚಿಂದಿಯಲ್ಲಿ ನಡುಗುತ್ತಾ ಎದುರು ಬಂದು ಅರ್ಧ ಮೇಲಂಗಿ ಪಡೆಯುವ ಭಿಕ್ಷುಕನ ಪಾತ್ರ ಅವನದು. ಗುಸ್ಟಾವ ಅಡಗಿದ್ದ. ಒಂದು ಕೈಯಲ್ಲಿ ಸಾಸೇಜು, ಇನ್ನೊಂದರಲ್ಲಿ ಪುಟ್ಟ ಸೀಸೆ, ಮುಖದಲ್ಲಿ ಪರಮ ಸುಖ. ಬೆಳಕು ಅವನ ಹಲ್ಲಿನ ಸಂದಿಯ ತನಕ ಹೋಯಿತು. ಭಿಕ್ಷುಕನಿಗೆ ಊಟ ಆಗಿದೆ, ನಾವು ಮನೆಗೆ ಹೋಗಬಹುದಾ ಎಂದು ಒಂದು ಲಾಟೀನು ಕೇಳಿತು.

ಎರಡನೆಯದಾಗಿ ಕಂಡದ್ದು ಬಲಗಡೆಯ ಸೇಬಿನ ಮರ. ಕೊಯ್ಯದೆ ಉಳಿದ ಹಣ್ಣುಗಳು ಕೆಂಪಗೆ ತೂಗುತ್ತಿದ್ದವು. ಅದನ್ನು ಕಂಡದ್ದು ಕುದುರೆ. ಆ ವಯಸ್ಸಿನಲ್ಲಿ ಇಂಥ ಭಾಗ್ಯ ಮತ್ತೆ ಬರುವುದಿಲ್ಲವೆಂದು ತೀರ್ಮಾನಿಸಿ ಅದು ಸಂತನ ಸಮೇತ ಹೊಲಕ್ಕಿಳಿಯಿತು.

"ಭಾವ, ಅದನ್ನ ಆರಿಸು" ಎಂದು ಕೊಂಬೆಯೊಳಗಿನಿಂದ ಕೊನ್ರಾಡನ ದನಿ ಬಂತು.

ಓಟ್ಮಾರ ಪರದೆಯ ಕಡೆ ಕೈ ಚಾಚಿದ. ಎರಡನೆಯ ಸಾಲು, ಮೂರನೆಯ ಚೌಕವೋ? ಒತ್ತಿದ. ಹಿಂದಿನ ಒರಸುಕಡ್ಡಿ ಎದ್ದು ಸಲಾಮು ಹೊಡೆಯಿತು. ಇನ್ನೊಂದನ್ನು ಒತ್ತಿದ. ಕುಂಡೆಯ ಕೆಳಗೆ ಸೀಟು ಬೆಚ್ಚಗಾಗತೊಡಗಿತು. ಪರದೆ ಉದ್ದನೆಯ ಫಿನ್ನಿಷ್ ವಾಕ್ಯದಲ್ಲಿ ಏನನ್ನೋ ಕಳಕಳಿಯಿಂದ ಕೇಳಿತು. ಹಾದಿಯ ನಡುವೆ ರೋಸ್ವಿತಾ ತಿರುಗಿ ನಿಂತಿದ್ದಳು. ಅವಳ ಮುಖ ಅವನಿಗೆ ಕಾಣಲಿಲ್ಲ. ಅವಳ ಕೈಯಲ್ಲೂ ಲಾಟೀನಿದ್ದುದರಿಂದ ಕಾರು ಅವಳಿಗೂ ಮರ್ಯಾದೆ ಮಾಡಿತ್ತು. ಆದರೆ ಹಾಡು ನಿಂತುಹೋದದ್ದು ಅವನಿಗೆ ಕೇಳಿಸಿತು. ಆ ಒಂದು ಮೌನಕ್ಕಿಂತ ಟ್ರ್ಯಾಕ್ಟರಿನ ಗುಡುಗೇ ವಾಸಿಯಿತ್ತು ಎಂದು ಅವನಿಗೆ ಅನ್ನಿಸಿತು. ಬೇರೇನೂ ತೋಚದೆ ಗಾಡಿಯನ್ನೇ ಆರಿಸಿಬಿಟ್ಟ.

ದೀಪಗಳು ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ಒಮ್ಮೆ ಕುಣಿದು, ಕಣ್ಣು ಮಿಟುಕಿಸಿ, ವಿದಾಯ ಹೇಳಿ ಮುಚ್ಚಿಕೊಂಡವು. ಮಕ್ಕಳು ಚಪ್ಪಾಳೆ ತಟ್ಟಿದರು.

ಆಮೇಲೆ ಕತ್ತಲು. ಮೊದಲು ಬರೀ ಕತ್ತಲು, ಸ್ವಲ್ಪ ಹೊತ್ತಿನಲ್ಲಿ ಅದರೊಳಗಿನಿಂದ ಒಂದೊಂದೇ ಬಣ್ಣ. ಗೂಬೆಯ ಹಳದಿ, ಚಂದ್ರನ ನೀಲಿ, ಮಂಜಿಗೆ ಅಂಟಿಕೊಂಡ ಅಣಬೆಯ ಕೆಂಪು. ಹಾದಿಯ ಕಲ್ಲುಗಳು, ಹಳ್ಳದ ಅಂಚು, ಪುಟ್ಟ ಬೂಟುಗಳು, ಎಲ್ಲ ಕಂಡವು. ಲಾಟೀನುಗಳೇ ಸಾಕಾಗಿದ್ದವು. ಯಾರೋ ಒಬ್ಬಳು ಮೆಲ್ಲಗೆ ಹಾಡು ಎತ್ತಿಕೊಂಡಳು, ಉಳಿದವರು ಸೇರಿಕೊಂಡರು. ಓಟ್ಮಾರ ಕಾರಿನ ಬಾಗಿಲು ತೆರೆದು ಹೊರಗೆ ನಿಂತ. ಹಳ್ಳದ ನೀರು, ಸೇಬು ಅಗಿಯುವ ಕುದುರೆ, ಅವುಗಳ ಮೇಲೆ ಸೇತುವೆ ದಾಟಿ ಹೋಗುವ ಹಾಡು. ಆ ಜಾಗದಲ್ಲಿ ಅವನು ಅದನ್ನು ಮೊದಲ ಸಲ ಕೇಳುತ್ತಿದ್ದ. ಮುಂದೆ ಎಲ್ಲೋ ರೋಸ್ವಿತಾಳೂ ಕೇಳುತ್ತಿದ್ದಳು.

ಹುಲ್ಲುಗಾವಲಿನ ಬೆಂಕಿಯ ಸುತ್ತ ಒಣದ್ರಾಕ್ಷಿ ಕಣ್ಣಿನ ಬ್ರೆಡ್ಡಿನ ಮನುಷ್ಯರನ್ನು ಹಂಚುವಾಗ ಫ್ರಾವ್ ರಾಯ್ಲೆ ನೇರವಾಗಿ ಓಟ್ಮಾರನ ಹತ್ತಿರ ಬಂದಳು. ಅವನು ಅಭ್ಯಾಸಬಲದಿಂದ ತಲೆ ತಗ್ಗಿಸಿದ.

"ಇಷ್ಟು ವರ್ಷದಲ್ಲಿ ಇವತ್ತೊಂದು ಕೆಲಸ ಅಚ್ಚುಕಟ್ಟಾಗಿ ಮಾಡಿದ್ರಿ" ಎಂದಳು. "ದೀಪ ಆರಿಸಿದ್ದು."

ಓಟ್ಮಾರ ಇಕ್ಕಟ್ಟಿಗೆ ಸಿಕ್ಕಿದ. ಬೇಕೆಂದೇ ಆರಿಸಿದೆ ಎಂದರೆ ಗ್ಯಾರೇಜಿನ ತಪಸ್ಸೆಲ್ಲ ವ್ಯರ್ಥವೆಂದು ಒಪ್ಪಿದಂತೆ. ತಪ್ಪಿ ಆರಿತು ಎಂದರೆ ಜೀವಮಾನದಲ್ಲಿ ಸಿಕ್ಕ ಒಂದೇ ಹೊಗಳಿಕೆ ಕೈತಪ್ಪಿದಂತೆ. ಅವನು ಬಾಯಿ ತೆರೆಯುವುದರೊಳಗೆ ರೋಸ್ವಿತಾ ಬಂದು ಅವನ ತೋಳು ಹಿಡಿದಳು. ಅವಳ ಕಣ್ಣಂಚು ಒದ್ದೆಯಿತ್ತು. ಹೊಗೆ, ಎಂದಳು.

"ಮುಂದಿನ ವರ್ಷವೂ ಇವನೇ ಆರಿಸ್ತಾನೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಮನೆಯಲ್ಲೇ ಆರಿಸಿ, ಕೀಲಿ ನನ್ನ ಕೈಗೆ ಕೊಟ್ಟು, ನಡೆದುಕೊಂಡು ಬರ್ತಾನೆ. ಟ್ರ್ಯಾಕ್ಟರೂ ಬೇಡ, ಕಾರೂ ಬೇಡ."

"ದೀಪದ ಬುಡದಲ್ಲಿ ಕತ್ತಲು ಅಂತ ಕೇಳಿದ್ದೆ ಭಾವ" ಎಂದ ಕೊನ್ರಾಡ, ಮೇಲಂಗಿಯಿಂದ ಸೇಬಿನ ಎಲೆ ಕೀಳುತ್ತಾ. "ದೀಪದ ಮುಂದೇನೇ ಕತ್ತಲು ಮಾಡಿದವನು ನೀನೊಬ್ಬನೇ."

ಹಿಂತಿರುಗುವ ಹೊತ್ತಿಗೆ ಮಗುವೊಂದು ತಂದೆಯ ಹೆಗಲಲ್ಲಿ ನಿದ್ದೆಹೋಗಿತ್ತು. ಅದರ ಮುಳ್ಳುಹಂದಿ ಲಾಟೀನನ್ನು ರೋಸ್ವಿತಾ ಗಂಡನ ಕೈಗೆ ಕೊಟ್ಟು, ಎಲ್ಲರಿಗಿಂತ ಹಿಂದೆ ನಡಿ, ಯಾರೂ ಉಳಿದುಕೊಳ್ಳದ ಹಾಗೆ ನೋಡಿಕೋ, ಗುಸ್ಟಾವನನ್ನೂ ಎಬ್ಬಿಸು ಎಂದಳು. ಓಟ್ಮಾರ ಲಾಟೀನು ಎತ್ತಿ ಹಿಡಿದ. ಕತ್ತಲಲ್ಲಿ ನಿಂತ ಕಾರನ್ನು ದಾಟುವಾಗ ಅವನ ಹೆಜ್ಜೆ ಒಂದು ಕ್ಷಣ ತಡೆಯಿತು.

"ನೋಡಿ ಫ್ರಾವ್ ರಾಯ್ಲೆ" ಎಂದು ಅವನು ಮುಂದಿದ್ದವಳಿಗೆ ವಿವರಿಸತೊಡಗಿದ. "ತಪ್ಪು ದೀಪದ್ದಲ್ಲ. ಲಾಟೀನು ಯಾವುದು ಲಾರಿ ಯಾವುದು ಅಂತ ಅದಕ್ಕೆ ಹೇಳಿಕೊಡೋ ಜಾಗವೂ ಅಲ್ಲೇ ಒಳಗೆಲ್ಲೋ ಇರುತ್ತೆ, ಅದನ್ನೂ ನಾವು ದುಡ್ಡು ಕೊಟ್ಟೇ ಕೊಂಡಿದೀವಲ್ಲ, ನಾಳೆ ಬೆಳಿಗ್ಗೆ ಒಂದೇ ಒಂದು ಸೊನ್ನೆಯನ್ನ ನಾನು" ಎನ್ನುತ್ತಾ, ಮುಳ್ಳುಹಂದಿಯನ್ನು ತೂಗಾಡಿಸಿಕೊಂಡು, ಹಾಡಿನ ಹಿಂದೆ ಹಿಂದೆ ಅವನು ನಡೆದ.