ಮಾಸ್ಟ್ರಿಗೆ ಮೂರು ಶಾಲು

ಬನ್ನಿ, ಜಗಲಿಯ ಈ ಬದಿಗೆ ಕೂತುಕೊಳ್ಳಿ, ಆ ಬದಿಗೆ ಬಿಸಿಲು ಬೀಳ್ತದೆ. ಕಾಲು ನೀಡಿ ಕೂತರೂ ಅಡ್ಡಿಯಿಲ್ಲ. ಎಲೆ ಅಡಿಕೆ ಬೇಕಾದವರು ಹರಿವಾಣ ಹತ್ತಿರ ಎಳೆದುಕೊಳ್ಳಿ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಕಣ್ಣಾರೆ ನೋಡಿದ್ದನ್ನು ಮರೆತವಳೂ ಅಲ್ಲ. ನಮ್ಮ ಕಡೆಯವರು ಒಬ್ಬರಿಗೆ ಕೆಟ್ಟದು ಮಾಡ್ಬೇಕು ಅಂತ ಹೊರಟರೆ ಅದು ಅರ್ಧದಲ್ಲಿ ನಿಲ್ತದೆ. ಮರ್ಯಾದೆ ಮಾಡ್ಬೇಕು ಅಂತ ಹೊರಟರೆ ಮಾತ್ರ ಅವನು ಏಳದ ಹಾಗೆ ಮಾಡಿಯೇ ಬಿಡುದು. ಅಂದೂ ಹಾಗೆಯೇ, ಇಂದೂ ಹಾಗೆಯೇ.

ನಾನು ಹೇಳುದು ಒಬ್ಬರು ಸಂಗೀತ ಮಾಸ್ಟ್ರ ಕಥೆ. ನಮ್ಮ ಜಿಲ್ಲೆ ಮದ್ರಾಸು ಸರಕಾರಕ್ಕೆ ಸೇರಿದ್ದ ಕಾಲದಲ್ಲಿ ಶುರುವಾದದ್ದು. ಸಪೂರ ಜನ, ಹೆಂಡತಿ ಇಲ್ಲ, ಮಕ್ಕಳಿಲ್ಲ, ಪುತ್ತೂರಿನಲ್ಲಿ ಒಂದು ಕೋಣೆ. ಹಾರ್ಮೋನಿಯಂ ಪೆಟ್ಟಿಗೆಯನ್ನು ಹಳೇ ಬೈರಾಸು ವಸ್ತ್ರದಲ್ಲಿ ಕಟ್ಟಿ ಹೆಗಲಿಗೆ ಹಾಕಿ ಸವಣೂರು, ಪೆರಾಬೆ, ಕಡಬ ಅಂತ ಮನೆ ಮನೆ ನಡೆದು ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಸವಣೂರಿಗೆ ಬಂದ ದಿನ ನಮ್ಮ ಜಗಲಿಯಲ್ಲೇ ಮಲಗುದು. ಬೆಳಿಗ್ಗೆ ನಾನು ಅಂಗಳಕ್ಕೆ ಸೆಗಣಿ ಸಾರಿಸುವಾಗ ಅವರು ಹಾಡಿಕೊಳ್ಳುತ್ತಿದ್ದರು. ಮಕ್ಕಳೇ, ಹೇಗೆ ಹೇಳಲಿ, ನನ್ನ ಕೈ ಅಲ್ಲಿಗೇ ನಿಲ್ಲುತ್ತಿತ್ತು.

ಅವರಿಗೆ ಇದ್ದದ್ದು ಒಂದೇ ಆಸೆ. "ಅಕ್ಕ, ನಮ್ಮ ಊರಿನವರ ಎದುರು ಒಂದು ಸಲ ಪೂರ್ತಿ ಕಚೇರಿ ಹಾಡ್ಬೇಕು. ವರ್ಣದಿಂದ ಹಿಡಿದು ಮಂಗಳದವರೆಗೆ. ಮತ್ತೆ ಗಂಟಲು ಹೋದರೂ ಹೋಗ್ಲಿ." ವರ್ಣ ಅಂದರೆ ಕಚೇರಿ ಶುರುವಾಗುವ ಹಾಡು, ಮಂಗಳ ಅಂದರೆ ಮುಗಿಯುವ ಹಾಡು ಅಂತ ಅವರೇ ನನಗೆ ಹೇಳಿಕೊಟ್ಟದ್ದು. ಗಂಟಲಿನ ಮಾತು ತಮಾಷೆಗೆ ಅಂದದ್ದಲ್ಲ. ಒಳಗೆ ಏನೋ ಹುಣ್ಣಿನ ಹಾಗೆ ಉಂಟು, ಹೆಚ್ಚು ವರ್ಷ ಬಾಳುವ ಗಂಟಲಲ್ಲ ಅಂತ ಮದ್ದು ಕೊಡುವ ಪಂಡಿತರು ಹೇಳಿಯಾಗಿತ್ತು.

ಬಾಗಿಲ ಹಿಂದಿನ ಧ್ವನಿ

ಆಗ ಹೆಣ್ಣುಮಕ್ಕಳು ಸಂಗೀತ ಕಲಿಯುತ್ತಿದ್ದದ್ದು ಎರಡು ಹಾಡಿನ ಮಟ್ಟಿಗೆ. ನೋಡ್ಲಿಕ್ಕೆ ಬಂದವರ ಎದುರು ಹಾಡಲು ಒಂದು, ಆರತಿಗೆ ಒಂದು. ಮೂರನೆಯದು ಹೇಳಿಕೊಡುತ್ತೇನೆ ಅಂದರೆ ತಾಯಂದಿರು, "ಎಂತಕ್ಕೆ ಮಾಸ್ಟ್ರೆ, ಅವಳನ್ನು ಎರಡು ಕಡೆಗೆ ಕೊಡ್ಲಿಕ್ಕುಂಟಾ?" ಅಂತ ಕೇಳುತ್ತಿದ್ದರು.

ನನ್ನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದರು. ಅವಳನ್ನು ಚಾವಡಿಯಲ್ಲಿ ಚಾಪೆಯ ಮೇಲೆ ಕೂರಿಸಿದೆವು. ಮಾಸ್ಟ್ರು ಕೋಣೆಯ ಬಾಗಿಲ ಹಿಂದೆ ಹಾರ್ಮೋನಿಯಂ ಹಿಡಿದು ಕೂತರು. ಒಂದು ಸಾಲು ಹಾಡಿದಳು. ಅಷ್ಟೇ, ಎದುರಿಗೆ ಕೂತ ಗಂಡಿನ ಮೀಸೆ ನೋಡಿದಳೋ ಏನೋ, ಸ್ವರವೇ ಹೊರಡಲಿಲ್ಲ. ಗಂಡಸರೆಲ್ಲ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಮಾಸ್ಟ್ರೇ ಎರಡನೇ ಸಾಲು ಎತ್ತಿಕೊಂಡರು. ನಾದಿನಿ ಜಾಣೆ, ತಲೆ ತಗ್ಗಿಸಿ ಬಾಯಿ ಮಾತ್ರ ಆಡಿಸಿದಳು.

ಹಾಡು ಮುಗಿದಾಗ ಗಂಡಿನ ಅಪ್ಪ ಕೇಳಿದರು, "ಹುಡುಗಿಗೆ ಶೀತವಾ? ಧ್ವನಿ ಸ್ವಲ್ಪ ದಪ್ಪ ಉಂಟು."

ನಮ್ಮವರು, ಅಂದರೆ ನನ್ನ ಯಜಮಾನರು, ಕೂಡಲೇ, "ಹೌದು ಮಾವ, ನಿನ್ನೆ ತಲೆಗೆ ಮಿಂದಿದ್ದಳು" ಅಂದರು.

"ಹಾಗಾದ್ರೆ ಅಡ್ಡಿಯಿಲ್ಲ. ಶೀತದಲ್ಲೇ ಇಷ್ಟು ಹಾಡುವವಳು ಶೀತ ಬಿಟ್ಟ ಮೇಲೆ ಹೇಗೆ ಹಾಡ್ಬೇಕು!" ಅಂತ ಅಲ್ಲೇ ಒಪ್ಪಿಗೆ ಕೊಟ್ಟರು.

ಮಾಸ್ಟ್ರು ಅಡಿಗೆಮನೆಗೆ ಬಂದು ಕಾಪಿ ಕುಡಿಯುತ್ತಾ ಹೇಳಿದರು: "ಅಕ್ಕ, ಇಷ್ಟು ವರ್ಷದಲ್ಲಿ ನನ್ನ ಹಾಡನ್ನು ಬಾಯಿಬಿಟ್ಟು ಮೆಚ್ಚಿದವರು ಇವರೊಬ್ಬರೇ. ಮದುವೆ ಮಾತ್ರ ಅವಳಿಗೆ."

ಸವಣೂರಿನ ಶಾಲು

ನಮ್ಮವರಿಗೆ ಆ ದಿನವೇ ಅನಿಸಿರಬೇಕು, ಈ ಮನುಷ್ಯನಿಗೆ ಏನಾದರೂ ಮಾಡ್ಬೇಕು ಅಂತ. ಊರಿನಲ್ಲಿ ಒಂದು ಸಂಘ ಇತ್ತು, ಅದಕ್ಕೊಬ್ಬರು ಸೆಕ್ರೆಟ್ರಿ. ಒಳ್ಳೆಯ ಜನ, ಅದೇ ತೊಂದರೆ. ಸಭೆ ಅಂದರೆ ಅವರಿಗೆ ಹಸಿವೆ ನಿದ್ರೆ ಇಲ್ಲ. "ಸನ್ಮಾನ ಮಾಡಿಯೇ ಬಿಡುವ ಮಾರಾಯ್ರೆ!" ಅಂದರು.

ಸುದ್ದಿ ಕೇಳಿದ ಮಾಸ್ಟ್ರು ಜೇನಿಗೆ ಕಾಳುಮೆಣಸು ಹಾಕಿ ನೆಕ್ಕಿ ನೆಕ್ಕಿ ಗಂಟಲು ಸರಿ ಮಾಡಿಕೊಂಡರು. ಯಾವ ಹಾಡಿನ ನಂತರ ಯಾವ ಹಾಡು ಅಂತ ನನಗೇ ಹೇಳಿ ತೋರಿಸಿದರು. ಮತ್ತೆ ಸೆಕ್ರೆಟ್ರಿಯನ್ನು ಕೇಳಿದರು, "ನಾನು ಎಷ್ಟು ಹೊತ್ತಿಗೆ ಹಾಡುದು?"

ಸೆಕ್ರೆಟ್ರಿ ಎರಡೂ ಕಿವಿ ಮುಚ್ಚಿಕೊಂಡರು. "ಎಂತ ಮಾತು ಮಾಸ್ಟ್ರೆ! ಮದುಮಗನ ಕೈಯಲ್ಲಿ ಯಾರಾದ್ರೂ ಅನ್ನ ಬಡಿಸ್ತಾರಾ? ಆ ದಿನ ನೀವು ಸುಮ್ಮನೆ ಕೂತುಕೊಳ್ಳುದು. ಹಾಡ್ಲಿಕ್ಕೆ ಮಂಗಳೂರಿನಿಂದ ಜನ ಬರ್ತದೆ."

ಜನ ಬಂತು. ಜರಿ ಅಂಚಿನ ಪಂಚೆ, ಕಿವಿಯಲ್ಲಿ ಕೆಂಪು ಹರಳು. ಆದರೆ ಅವರ ಹಾರ್ಮೋನಿಯಂನವನಿಗೆ ಬಸ್ಸು ತಪ್ಪಿತು. ಈಗ ಎಂತ ಮಾಡುದು? ಶಾಲು ಹೊದೆಸಿ, ಹಾರ ಹಾಕಿ, ದೊಡ್ಡ ಕುರ್ಚಿಯಲ್ಲಿ ಕೂರಿಸಿದ್ದ ಮಾಸ್ಟ್ರನ್ನೇ ಎಬ್ಬಿಸಿ ಆ ಹಾಡುಗಾರರ ಬೆನ್ನ ಹಿಂದೆ ಶ್ರುತಿ ಹಿಡಿಯಲು ಕೂರಿಸಿದರು. ತಮ್ಮ ಸನ್ಮಾನಕ್ಕೆ ಮಾಸ್ಟ್ರೇ ಗಾಳಿ ಹಾಕಿದರು ಅನ್ನಿ. ಎದುರಿಗಿದ್ದ ಕುರ್ಚಿ ಖಾಲಿ, ಅದರಲ್ಲಿ ಯಾರದ್ದೋ ಮಗು ಮಲಗಿತ್ತು.

ಮುಗಿದ ಮೇಲೆ ಆ ದೊಡ್ಡ ಹಾಡುಗಾರರು ಹಿಂದೆ ತಿರುಗಿ ಮಾಸ್ಟ್ರ ಬೆನ್ನು ತಟ್ಟಿದರು: "ಪರವಾಗಿಲ್ಲ, ಶ್ರುತಿ ಬಿಡ್ಲಿಲ್ಲ ನೀವು. ಸಂಗೀತ ಗಿಂಗೀತ ಸ್ವಲ್ಪ ಕಲ್ತಿದ್ದೀರಾ?"

ಗೊತ್ತಿಲ್ಲದ ಮನೆ

ಅಷ್ಟರಲ್ಲೇ ಮುಗಿದಿದ್ದರೆ ನಗಬಹುದಿತ್ತು. ಮಾರನೇ ವಾರ ಮಾಸ್ಟ್ರು ಎಂದಿನ ಹಾಗೆ ಪೆಟ್ಟಿಗೆ ಹೆಗಲಿಗೆ ಹಾಕಿ ಹೊರಟರು. ಮೊದಲನೇ ಮನೆಯ ಯಜಮಾನರು ಅಂಗಳಕ್ಕೇ ಓಡಿಬಂದು ಕೈಮುಗಿದರು. "ಇನ್ನು ನೀವು ನಮ್ಮ ಮನೆಗೆ ನಡ್ಕೊಂಡು ಬರುದುಂಟಾ ಮಾಸ್ಟ್ರೆ? ಶಾಲು ಹೊದ್ದ ಜನ! ಮಗುವಿಗೆ ಸರಿಗಮದ ಸರಳೆ ಹೇಳಿಕೊಡಿ ಅಂತ ನಿಮ್ಮ ಹತ್ರ ಯಾವ ಬಾಯಲ್ಲಿ ಹೇಳುದು?" ಹಾಲು ಹಣ್ಣು ಕೊಟ್ಟು ಕಾಲಿಗೆ ಬಿದ್ದು ಕಳಿಸಿಕೊಟ್ಟರು. ಎರಡನೇ ಮನೆಯಲ್ಲೂ ಹಾಗೆಯೇ. ಮೂರನೇ ಮನೆಯವರು ಪಾಪ, ಇಷ್ಟು ದೊಡ್ಡವರಿಗೆ ಹೇಳಿಕಳಿಸಲು ನಾಚಿಕೆಯಾಗಿ, ಮಗುವನ್ನು ಬೇರೆ ಒಬ್ಬನ ಹತ್ತಿರ ಸೇರಿಸಿಯಾಗಿತ್ತು. ಅವನಿಗೆ ಸಂಗೀತ ಬರ್ತಿರಲಿಲ್ಲ, ಆದರೆ ಶಾಲೂ ಇರಲಿಲ್ಲ.

ಪಾಠ ಇಲ್ಲದಿದ್ದರೆ ಊಟ ಇಲ್ಲ. ಮಾಸ್ಟ್ರು ಇಳಿದುಹೋದರು. ಉಳಿದದ್ದು ಪೆರಾಬೆಯ ಹತ್ತಿರದ ಒಂದೇ ಮನೆ. ಕೇರಳದಿಂದ ಬಂದು ಕಾಡು ಕಡಿದು ರಬ್ಬರು ಹಾಕಿದ ಕ್ರಿಸ್ತಾನಿಗಳು. ಮಗಳು ಇಗರ್ಜಿಯಲ್ಲಿ ಹಾಡುವವಳು, ಅವಳಿಗೆ ಸ್ವರ ತಿದ್ದಲು ಇವರು. ಆ ಅಮ್ಮ ಎಂದಿನ ಹಾಗೆ ಬೇಯಿಸಿದ ಮರಗೆಣಸು, ಮೆಣಸಿನ ಚಟ್ನಿ ಮುಂದಿಟ್ಟು, "ಇರಿ ಮಾಷೆ, ತಿನ್ನಿ" ಅಂದರಂತೆ. ಮಾಸ್ಟ್ರ ಕಣ್ಣಲ್ಲಿ ನೀರು. "ನೀವೊಬ್ಬರು ನನ್ನನ್ನು ಬಿಡ್ಲಿಲ್ಲವಲ್ಲ, ಸನ್ಮಾನ ಆದ ಮೇಲೂ!"

"ಸನ್ಮಾನವಾ? ಅಯ್ಯೋ, ನಮಗೆ ಗೊತ್ತೇ ಇಲ್ಲ ಮಾಷೆ! ಗೊತ್ತಿದ್ದರೆ ನಾವೂ ಬಿಡ್ತಿದ್ದೆವು!"

ಶಾಲನ್ನು ನಮ್ಮ ಅಟ್ಟದ ಮೇಲೆ ಇಡಲು ತಂದುಕೊಟ್ಟರು. "ಅಡಗಿಸಿಡಿ ಅಕ್ಕ. ಉಳಿದ ಒಂದು ಮನೆಯಾದ್ರೂ ಉಳೀಲಿ."

ಸುಳ್ಯದ ಗಮಕ

ಸವಣೂರಿನವರು ಮಾಡಿದ ಮೇಲೆ ಸುಳ್ಯದವರು ಬಿಡ್ತಾರಾ? ನಮ್ಮ ಸೆಕ್ರೆಟ್ರಿಯ ಭಾವ ಅಲ್ಲಿಯ ಸಂಘಕ್ಕೆ ದೊಡ್ಡವರು. ಈ ಸಲ ನಮ್ಮವರು ಹಟ ಹಿಡಿದರು: "ಮಾಸ್ಟ್ರು ಹಾಡುದಾದರೆ ಮಾತ್ರ ಸನ್ಮಾನ. ಇಲ್ಲದಿದ್ದರೆ ನಾವು ಬರುದಿಲ್ಲ." ಒಪ್ಪಿದರು. ಅಷ್ಟು ಹೊತ್ತಿಗೆ ಮಾಸ್ಟ್ರ ಗಂಟಲು ಮಳೆಗಾಲದ ಬಾಗಿಲಿನ ಹಾಗೆ, ಒಮ್ಮೆ ಬಿಗಿ, ಒಮ್ಮೆ ಸಲೀಸು. ಸನ್ಮಾನದ ಮಧ್ಯಾಹ್ನ ಸಲೀಸಾಗಿತ್ತು.

ಆದರೆ ಮೊದಲು ಶಾಲು, ಅದರ ಮೇಲೆ ಹಾರ. ಹಳೇ ಶಿಷ್ಯರ ಮನೆಗೊಂದು ಹಾರ. ಹಾಕಿದ ಹಾರವನ್ನು ಸಭೆ ಮುಗಿಯುವ ಮೊದಲು ತೆಗೆದರೆ ಆ ಮನೆಯವರಿಗೆ ಅವಮಾನ. ಕೆಲವರು ಮಕ್ಕಳನ್ನು ಗುಡ್ಡೆಗೆ ಕಳಿಸಿ ಕೇಪುಳ ಹೂ ಕೊಯ್ಸಿ ಕಟ್ಟಿದ್ದರು. ಗುಡ್ಡೆಯ ಕೇಪುಳ ಅಂದರೆ ಕೆಂಪಿರುವೆಯ ತವರುಮನೆ.

ಮಾಸ್ಟ್ರು ಕಣ್ಣು ಮುಚ್ಚಿ ಆಲಾಪನೆ ಶುರು ಮಾಡಿದರು. ಸ್ವರ ಮೆಲ್ಲ ಏರಿತು. ಏರಿದ್ದು ಒಮ್ಮೆಲೇ ಗಡಗಡ ನಡುಗಿತು. ಗಂಡಸರ ಕಡೆಯಿಂದ "ಆಹಾ!" ಅಂತ ಬಂತು. ಮತ್ತೊಮ್ಮೆ ನಡುಗಿತು, ಈ ಸಲ ಕೊನೆಯಲ್ಲಿ ಒಂದು ಕೂಗಿನ ಹಾಗೆ. "ಎಂತ ಗಮಕ ಮಾರಾಯ್ರೆ! ಇಂಥದ್ದು ಮದ್ರಾಸಿನಲ್ಲೂ ಸಿಕ್ಕಲಿಕ್ಕಿಲ್ಲ!" ಅಂತ ಚಪ್ಪಾಳೆ. ಮಾಸ್ಟ್ರು ಎದೆಗೆ ಬಡಿದುಕೊಂಡರು, ತೊಡೆಗೆ ಬಡಿದುಕೊಂಡರು. ಜನರೂ ತಾಳ ಹಾಕಿದರು. ಕಡೆಗೆ ಆ ಬಡಪಾಯಿ ಹಾರ್ಮೋನಿಯಂ ದೂಡಿ ವೇದಿಕೆಯ ಹಿಂದಕ್ಕೆ ಓಡಿದರು. ಸೆಕ್ರೆಟ್ರಿಯ ಭಾವ ಮೈಕಿನಲ್ಲಿ ಹೇಳಿದರು: "ಮಾಸ್ಟ್ರು ಭಾವಪರವಶರಾಗಿದ್ದಾರೆ. ಅವರನ್ನು ಯಾರೂ ತಡೆಯಬಾರದು."

ನಾನು ಹೋಗಿ ಬೆನ್ನಿಗೆ ತೆಂಗಿನೆಣ್ಣೆ ಹಚ್ಚಿದೆ. ಮೈಯೆಲ್ಲ ದದ್ದು ದಡಿಕೆ. "ಅಕ್ಕ, ಒಂದು ಗಮನಿಸಿದಿರಾ?" ಅಂದರು. "ಇರುವೆ ಕಚ್ಚದ ಜಾಗಕ್ಕೆ ಒಂದೂ ಚಪ್ಪಾಳೆ ಬರ್ಲಿಲ್ಲ."

ಕಡಬದ ಪಂಚಕಜ್ಜಾಯ

ಮತ್ತೆ ಒಂದೆರಡು ವರ್ಷ ಕಳೆಯಿತು. ಗಂಟಲು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ತೆರೆಯುತ್ತಿತ್ತು. ಕಡಬದವರು ಕರೆದಾಗ ಪಂಡಿತರು, "ಹಾಡುದಾದರೆ ಈಗಲೇ. ಬರುವ ವರ್ಷ ಕೇಳ್ಬೇಡಿ" ಅಂದರು. ಹಾರ ಬೇಡ ಅಂತ ಮಾಸ್ಟ್ರೇ ಕಾಲು ಹಿಡಿದು ಹೇಳಿದ್ದರಿಂದ ಅದೊಂದು ತಪ್ಪಿತು.

ಭಾಷಣ ತಪ್ಪಲಿಲ್ಲ. ಶಾಲೆಯ ಅಂಗಳ, ಮಧ್ಯಾಹ್ನ. ಒಬ್ಬರು ಸಂಗೀತದ ಬಗ್ಗೆ ಶುರು ಮಾಡಿ ಅಡಿಕೆಗೆ ಮದ್ದು ಬಿಡುವ ಕ್ರಮಕ್ಕೆ ಬಂದು ನಿಂತರು. ಇನ್ನೊಬ್ಬರು ಅವರು ಹೇಳಿದ ಮದ್ದು ಸರಿಯಲ್ಲ ಅಂದರು. ಅದಕ್ಕೆ ಮೊದಲನೆಯವರು ಮತ್ತೆ ಎದ್ದರು. ಅಷ್ಟರಲ್ಲಿ ಸಂಜೆಯ ಕೊನೆಯ ಬಸ್ಸು ಬಂದು ಅಂಗಳದ ಬದಿಯಲ್ಲಿ ನಿಂತಿತು. ನಮ್ಮ ಸೆಕ್ರೆಟ್ರಿಯೇ ಅಲ್ಲೂ ಕಾರ್ಯಕ್ರಮ ನಡೆಸುವವರು. ಅವರಿಗೆ ಅರ್ಜೆಂಟು ಹತ್ತಿತು. ಶಾಲು ಹೊದೆಸಿದ ಕೂಡಲೇ ಹೇಳಿದರು: "ಹೊತ್ತು ಮೀರಿದ ಕಾರಣ ಮಾಸ್ಟ್ರು ಈಗ ಮಂಗಳ ಹಾಡ್ತಾರೆ. ಎಲ್ಲರೂ ಎದ್ದು ನಿಲ್ಲಬೇಕು."

ಮಂಗಳಕ್ಕೆ ಕೂತಿರುವ ಕ್ರಮ ಇಲ್ಲ. ಎಲ್ಲರೂ ಎದ್ದು ಕೈಮುಗಿದರು. ಮಾಸ್ಟ್ರು ಒಮ್ಮೆ ನಮ್ಮ ಕಡೆ ನೋಡಿದರು. ಹಾರ್ಮೋನಿಯಂ ಹತ್ತಿರ ಎಳೆದುಕೊಂಡರು. ಹಾಡು ಶುರುವಾಯಿತು. ನಾನು ನಮ್ಮವರ ಪಂಚೆ ಹಿಡಿದು ಎಳೆದೆ. ಮಂಗಳ ಅಲ್ಲ ಅದು, ವರ್ಣ! ನಮ್ಮ ಜಗಲಿಯಲ್ಲಿ ಅಷ್ಟು ಸಲ ಕೇಳಿದ್ದು ನನಗೆ ಗೊತ್ತಾಗುದಿಲ್ಲವಾ?

ಎಂಥಾ ಸ್ವರ ಬಂತು ಆ ದಿನ! ತಡೆಯಿಲ್ಲ, ಕೆಮ್ಮಿಲ್ಲ. ವರ್ಣ ಮುಗಿಸಿದರು, ಉಸಿರು ಬಿಡದೆ ಮುಂದಿನದ್ದು ಹಿಡಿದರು. ಜನ ಕೈಮುಗಿದೇ ನಿಂತಿದ್ದರು. ಕೂತರೆ ಅಪಶಕುನ, ಹೋದರೆ ದೋಷ. ಬಸ್ಸಿನ ಡ್ರೈವರು ಸಹ ಇಳಿದು ಟೊಪ್ಪಿ ತೆಗೆದು ನಿಂತಿದ್ದ. ಒಬ್ಬರು ಮೆಲ್ಲ ಕೇಳಿದರು, "ಎಂತ ಮಾರಾಯ್ರೆ, ಈ ಮಂಗಳಕ್ಕೆ ಕೊನೆಯೇ ಇಲ್ಲವಾ?"

"ಇದು ಘಟ್ಟದ ಮೇಲಿನ ಮಂಗಳ ಕಾಣ್ತದೆ. ಅಲ್ಲಿಯದ್ದು ಉದ್ದ."

ಮೂರನೆಯದಕ್ಕೆ ಬಾಯಿ ತೆರೆದದ್ದೇ, ಸೆಕ್ರೆಟ್ರಿಗೆ ತಡೆಯಲಾಗಲಿಲ್ಲ. ಪ್ರಸಾದ ಹಂಚಿದರೆ ಮುಗಿಯಿತು ಅಂತ ಲೆಕ್ಕ. ಪಂಚಕಜ್ಜಾಯದ ಹರಿವಾಣ ಹಿಡಿದು ವೇದಿಕೆಗೆ ಹಾರಿ, ಮೊದಲನೇ ಮುಷ್ಟಿ ಸನ್ಮಾನಿತರಿಗೇ ಸಲ್ಲಬೇಕಲ್ಲ, ತೆರೆದಿದ್ದ ಆ ಬಾಯಿಗೆ ತುಂಬಿಸಿಯೇ ಬಿಟ್ಟರು. ಕಡಲೆಹುಡಿ, ಎಳ್ಳು, ತೆಂಗಿನತುರಿ ಎಲ್ಲ. ಮಾಸ್ಟ್ರು ಕೆಮ್ಮಿದರು ನೋಡಿ, ಹಾರ್ಮೋನಿಯಂ ಮೇಲೆಲ್ಲ ಹುಡಿ. ಜನ "ಗೋವಿಂದಾ" ಅಂತ ಕೂಗಿ ಬಸ್ಸಿಗೆ ಓಡಿದರು. ನಗಬೇಡಿ. ಅಲ್ಲ, ನಗಿ. ನಾನೂ ಆ ದಿನ ನೀರು ಕುಡಿಸುತ್ತಾ ನಗುತ್ತಿದ್ದೆ, ಅಳುತ್ತಿದ್ದೆ.

ಆ ಕೆಮ್ಮು ನಿಂತ ಮೇಲೆ ಆ ಗಂಟಲಿನಿಂದ ಸ್ವರ ಹೊರಡಲೇ ಇಲ್ಲ, ಮಾತಿಗೂ ಇಲ್ಲ. ಪಂಚಕಜ್ಜಾಯದಿಂದಲೋ, ಅದರ ಕಾಲವೇ ಮುಗಿದಿತ್ತೋ, ದೇವರಿಗೇ ಗೊತ್ತು.

ಮತ್ತೆ ಯಾರು ಏನಾದರು

ನಾದಿನಿ ಸುಖವಾಗಿ ಸಂಸಾರ ಮಾಡಿದಳು. ಅವಳ ಮಾವ ಸಾಯುವವರೆಗೂ ಪ್ರತಿ ಹಬ್ಬಕ್ಕೆ "ಶೀತ ಬಿಟ್ಟಿತಾ ಮಗಾ?" ಅಂತ ಕೇಳುತ್ತಿದ್ದರು. ಕ್ರಿಸ್ತಾನಿ ಹುಡುಗಿ ಮದುವೆಯಾಗಿ ಕೇರಳದ ಕಡೆಗೆ ಹೋದಳು, ಈಗಲೂ ಹಾಡ್ತಾಳಂತೆ. ನಮ್ಮವರು ಕಡಬದಿಂದ ಬಂದ ಮೇಲೆ ಸಂಘದ ಕಡೆ ತಲೆ ಹಾಕಲಿಲ್ಲ. ಒಂದು ಮಳೆಗಾಲದಲ್ಲಿ ಎದೆನೋವು ಬಂದು ಹೋದರು. ಸೆಕ್ರೆಟ್ರಿ ಮುದುಕರಾದರೂ ಸೆಕ್ರೆಟ್ರಿಯಾಗಿಯೇ ಉಳಿದರು.

ಮಾಸ್ಟ್ರು ಮಾತ್ರ ದೊಡ್ಡ ಮನುಷ್ಯರಾದರು. ಮಾತೇ ಬಾರದ ಅಧ್ಯಕ್ಷರು ಬೇರೆಲ್ಲಿ ಸಿಗ್ತಾರೆ? ಮೂರೂ ಊರಿನಲ್ಲಿ ಯಾರಿಗೆ ಸನ್ಮಾನ ಆದರೂ ಅವರನ್ನೇ ಕರೆದು ಕೂರಿಸುತ್ತಿದ್ದರು. ಹೊದೆಸಬೇಕಾದ ಶಾಲು ಅವರ ಕೈಯಲ್ಲಿ. ಆ ಶಾಲನ್ನು ಮಡಿಲಲ್ಲಿ ಹಿಡಿದು, ಎದುರಿಗಿದ್ದವನಿಗೆ ಕೈಸನ್ನೆಯಲ್ಲಿ "ಮೊದಲು ಹಾಡು" ಅನ್ನುತ್ತಿದ್ದರು. ಸೆಕ್ರೆಟ್ರಿ ಒಂದು ತುದಿ ಎಳೆದರೆ ಇವರು ಇನ್ನೊಂದು ತುದಿ ಬಿಡುತ್ತಿರಲಿಲ್ಲ. ಸಭೆಯ ಎದುರು ಇಬ್ಬರು ಮುದುಕರ ಹಗ್ಗಜಗ್ಗಾಟ! ಆ ಜಗ್ಗಾಟ ಮುಗಿಯುವಷ್ಟರಲ್ಲಿ ಒಬ್ಬ ಮದ್ದಳೆಯವನು ಮನಸ್ಸು ತುಂಬ ಬಾರಿಸಿ ಮುಗಿಸಿದ. ಒಬ್ಬ ನಾಗಸ್ವರದವನು ಪೂರ್ತಿ ಊದಿದ. ಪಾಠ ಹೇಳುವ ಒಬ್ಬಳು ಮುದುಕಿ, ಅವಳು ವರ್ಣದಿಂದ ಮಂಗಳದವರೆಗೆ ಹಾಡಿದಳು.

ಮತ್ತೆ ಒಬ್ಬ ಪಿಟೀಲಿನವನಿಗೆ ಸನ್ಮಾನ ಇಡುವಷ್ಟರಲ್ಲಿ ಮಾಸ್ಟ್ರು ತೀರಿಹೋಗಿದ್ದರು. ಹೊಸ ಅಧ್ಯಕ್ಷರನ್ನು ಕರೆದರು, ಪಿಟೀಲಿಗೆ ಮೊದಲು ಅವರ ಭಾಷಣ. ಅವರಿಗೆ ಗಂಟಲು ಬಹಳ ಚೆನ್ನಾಗಿತ್ತು.