ಒಣಗಿದ ಅಂಜೂರದ ಹಾಲು

“ಫ್ಲವರ್ ಮೌಂಡಿನ ಅಂಕಲ್ ಹಸಿ ಅಂಜೂರದ ಮರವನ್ನು ಒಣಗಿದೆಯೆಂದು ಕಡಿದು ಕೊಂದುಬಿಟ್ಟರು.” ಈ ವೃತ್ತಾಂತ ಈಗ ಸ್ಟಾಫರ್ಡಿನಿಂದ ಜಾರ್ಜ್‌ಟೌನಿನವರೆಗೆ, ಅಮೆರಿಕದ ಈ ಭಾಗದ ಕನ್ನಡದ ಮನೆಗಳಲ್ಲೆಲ್ಲ ಚಾಲ್ತಿಯಲ್ಲಿದೆ. ಆ ಅಂಕಲ್ ನಾನೇ. ಹತ್ತು ಜನ ಹೇಳಿದ ಮಾತ್ರಕ್ಕೆ ಯಾವುದನ್ನೂ ಒಪ್ಪಿಕೊಂಡವನಲ್ಲ ನಾನು. ತೋಟದ ಕೆಲಸವನ್ನೂ ಯಾರ ಬಳಿಯೂ ಕಲಿಯದೆ, ಲೈಬ್ರರಿಯಿಂದ ಪುಸ್ತಕ ತಂದು, ಅವುಗಳೊಡನೆ ಜಗಳವಾಡುತ್ತಲೇ ಕಲಿತವನು. ಆದ್ದರಿಂದ ಈ ವೃತ್ತಾಂತವನ್ನೂ ಪರಿಶೀಲಿಸದೆ ಬಿಡಲಾರೆ.

ಮರ ನನ್ನ ಹೆಂಡತಿ ಶಾಂತಾಳದು. ಹುಬ್ಬಳ್ಳಿಯ ತವರಿನಲ್ಲಿ ಅಂಜೂರ ಕಿತ್ತು ತಿಂದು ಬೆಳೆದವಳು ಅವಳು. ಇಲ್ಲಿ ಮೂರು ವರ್ಷ ಗಿಡವನ್ನು ಸಾಕಿ, ಕಳೆದ ಬೇಸಿಗೆಯಲ್ಲಿ ಮೊದಲ ಸಲ ಏಳು ಹಣ್ಣು ಕಂಡಿದ್ದಳು. ಜನವರಿಯಲ್ಲಿ ನಲ್ಲಿಯ ನೀರೂ ಹೆಪ್ಪುಗಟ್ಟುವ ಚಳಿ ಬಂದು ಕೊಂಬೆಗಳ ತುದಿಗಳು ಕಪ್ಪಾದವು. ತುದಿಯನ್ನಷ್ಟೇ ಸವರಿದ್ದರೆ ಸಾಕಿತ್ತೇನೋ. ಆದರೆ ಅರ್ಧ ಕ್ಷೌರ ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ. ಫೆಬ್ರವರಿಯ ಒಂದು ಬೆಳಗ್ಗೆ ಕತ್ತರಿ, ಗರಗಸ ಎರಡನ್ನೂ ಹಿಡಿದು ಹೊರಟೆ.

“ಕತ್ತರಿ ಹಾಕೂಕಿಂತ ಮೊದಲ ಗಿಡಾ ಮುಟ್ಟಿ, ತಪ್ಪಾತು ಅಂತ ಒಂದ ಮಾತು ಅನ್ರಿ” ಎಂದಳು ಶಾಂತಾ. ಅವಳ ಮನೆಯ ಪದ್ಧತಿ ಅದು.

“ಒಣಗಿದ ಮರಕ್ಕೆ ಕ್ಷಮಾಪಣೆ ಏಕೆ?” ಎಂದೆ ನಾನು.

ಮೂರನೆಯ ಕೊಂಬೆ ಬಿದ್ದಾಗ ಕಡಿದ ಜಾಗದಲ್ಲಿ ಬಿಳಿಯ ಹಾಲು ಒಸರಿತು.

“ಹಾಲು ಬರ್ಲಿಕ್ಕತ್ತದಲ್ರೀ!”

“ಒಳಗಿದ್ದ ಮಂಜು ಕರಗುತ್ತಿದೆ, ಅಷ್ಟೆ.”

“ಮಂಜು ಅಂಟಂಟ ಇರ್ತದೇನ್ರೀ?”

ಪ್ರಶ್ನೆ ಸಮಂಜಸವಾಗಿತ್ತು. ಆದರೆ ಮರವನ್ನು ಮೊಣಕಾಲೆತ್ತರಕ್ಕೆ ಇಳಿಸಿದ ಮೇಲೆಯೇ ನಾನು ಅದನ್ನು ಕುರಿತು ಯೋಚಿಸಿದ್ದು.

ಮಾರ್ಚ್ ಕಳೆಯಿತು. ಬೀದಿಯ ಅಂಜೂರಗಳೆಲ್ಲ ಚಿಗುರಿದವು, ನಮ್ಮ ಮೋಟು ಮಾತ್ರ ಹಾಗೆಯೇ ಉಳಿಯಿತು. ಶಾಂತಾ ಜಗಳವಾಡಿದ್ದರೆ ಉತ್ತರ ಸಿದ್ಧವಿತ್ತು. ಅವಳು ಅಡುಗೆಮನೆಯ ಕಿಟಕಿಯಿಂದ ಮೋಟನ್ನು ನೋಡಿ, ಸುಮ್ಮನೆ ಕಾಫಿ ಇಟ್ಟು ಹೋಗುತ್ತಿದ್ದಳು. ಮೊಮ್ಮಗಳು ಮಾತ್ರ, “ಅಜ್ಜ, ಯು ಕಿಲ್ಡ್ ಇಟ್!” ಎಂದು ನೇರವಾಗಿ ತೀರ್ಪಿತ್ತಳು. ಊಟಕ್ಕೆ ಕರೆದ ಗೆಳೆಯರ ಮಗ, “ಬನ್ನಿ ಅಂಕಲ್, ಆದ್ರೆ ಕತ್ತರಿ ಕಾರಲ್ಲೇ ಇರ್ಲಿ” ಎಂದ. ಎಲ್ಲರೆದುರು ನಾನು ಚಳಿಯನ್ನು ದೂರಿದೆ. ಯಾರೂ ಇಲ್ಲದಾಗ ಮಾತ್ರ ಮೋಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಅದನ್ನು ಮುಟ್ಟಿ, ಅಂದು ಹೇಳದೆ ಬಿಟ್ಟ ಮಾತನ್ನು ಹೇಳಿದೆ.

ಏಪ್ರಿಲ್ ನಡುವೆ ಒಂದು ದಿನ ಬುಡದಲ್ಲಿ ಹಸಿರು ಕಂಡಿತು. ಹೆಬ್ಬೆಟ್ಟಿನ ಉಗುರಿನಷ್ಟೇ ಚಿಗುರು! ಬರಿಗಾಲಿನಲ್ಲೇ ಒಳಗೋಡಿ ಶಾಂತಾಳನ್ನು ಕೈಹಿಡಿದು ಕರೆತಂದೆ. ಅವಳು ಬಗ್ಗಿ ನೋಡಿ, ಎರಡು ತಿಂಗಳಲ್ಲಿ ಮೊದಲ ಬಾರಿ ನಕ್ಕಳು. “ಬದುಕಿದ್ರಿ ನೀವು” ಎಂದಳು. ಬದುಕಿದ್ದು ಮರವೇ ಆದರೂ ನಾನು ತಿದ್ದಲು ಹೋಗಲಿಲ್ಲ. ಅಂದು ಕಾಫಿಯ ಜೊತೆ ಚಕ್ಕುಲಿಯೂ ಬಂತು.

ಆದ್ದರಿಂದ ‘ಕೊಂದುಬಿಟ್ಟರು’ ಎಂಬ ಮಾತು ಶುದ್ಧ ಸುಳ್ಳೆಂದು ಇಲ್ಲಿ ದಾಖಲಿಸುತ್ತೇನೆ. ‘ಹಸಿ’ ಎಂಬುದನ್ನೂ ಅಲ್ಲಗಳೆಯುವ ಉದ್ದೇಶವಿತ್ತು. ಆದರೆ ಚಕ್ಕುಲಿ ಮುಗಿದ ಮೇಲೆ ಶಾಂತಾ ನನ್ನನ್ನು ಗ್ಯಾರೇಜಿನ ಹಿಂದಕ್ಕೆ ಕರೆದೊಯ್ದಳು. ನಾನು ಅಂದು ಕಡಿದೆಸೆದ ಕೊಂಬೆಯೊಂದನ್ನು ಅವಳು ಆಗಲೇ ಕುಂಡದಲ್ಲಿ ನೆಟ್ಟಿದ್ದಳು. ಅದರಲ್ಲಿ ಐದು ಎಲೆಗಳಿದ್ದವು. ಕುಂಡಕ್ಕೆ ಅಂಟಿಸಿದ ಚೀಟಿಯಲ್ಲಿ ಅವಳ ದುಂಡಗಿನ ಅಕ್ಷರ: “ಒಣಗಿದ ಅಂಜೂರ. ಕಡಿದವರು, ನಮ್ಮ ಮನೆಯವರು.” ಸಂಶಯವುಳ್ಳವರು ಯಾವಾಗ ಬೇಕಾದರೂ ಬಂದು ಓದಿಕೊಳ್ಳಬಹುದು. ಎಲೆಗಳು ಈಗ ಅಗಲವಾಗಿ ಬೆಳೆದು ಚೀಟಿಯನ್ನು ಮುಚ್ಚಿವೆ, ಕೈಯಿಂದ ಸರಿಸಿಕೊಳ್ಳಬೇಕು. ಅವನ್ನು ಸವರಲು ನನಗೆ ಅನುಮತಿಯಿಲ್ಲ.