ಮೃತ್ಯುಂಜಯನ ಕಳೆಸಂಹಾರ

ಮಿರಗದ ಮಳೆ ಹದವಾಗಿ ಬಿದ್ದು, ಶಿರಹಟ್ಟಿ ಸೀಮೆಯ ಹೆಸರುಕಾಳಿನ ಹೊಲಗಳಲ್ಲಿ ಹೆಣ್ಣಾಳುಗಳು ಕುರ್ಪಿ ಹಿಡಿದು ಸಾಲಾಗಿ ಕೂತು ಕಸ ತೆಗೆಯುತ್ತಿದ್ದ ಜೂನ್ ಮಾಸದಲ್ಲಿ. ಕಂಪನಿಗಳು ತಾವು ಗಳಿಸಿದ್ದರಲ್ಲಿ ಚಿಟಿಕೆಯಷ್ಟನ್ನು ಲೋಕಕ್ಕೆ ಹಿಂತಿರುಗಿಸಿ, ಹಿಂತಿರುಗಿಸುವಾಗ ಫೋಟೋ ತೆಗೆಸಿಕೊಳ್ಳುತ್ತಿದ್ದ ಮಹಾಯುಗದಲ್ಲಿ. ಸಾಗರಗಳಾಚೆಯ ಹಾಲೆಂಡ್ ದೇಶದೊಳಗೆ ರಟ್ಟಿನ ಪೆಟ್ಟಿಗೆ ತಯಾರಿಸುವ ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆ ವಿಭಾಗದಲ್ಲಿ ಬೇಸಿಗೆಯ ಇಂಟರ್ನ್‌ಶಿಪ್ಪೆಂಬ ಘೋರ ತಪಸ್ಸನ್ನಾಚರಿಸುತ್ತಿದ್ದ, ಅಕ್ಕೂರವಂಶಸಂಭೂತ, ಧಾರವಾಡಕಾಲೇಜುಪ್ರೇಷಿತ, ಜೋಳದರೊಟ್ಟಿವಿರಹಕೃಶಾಂಗನಾದ ಮೃತ್ಯುಂಜಯನ ಪರಾಕ್ರಮವನ್ನು ಹೇಳಲು ಹೊರಟಿದ್ದೇನೆ. ವಾಗ್ದೇವಿ ನಾಲಿಗೆಯ ಮೇಲೆ ಬಂದು ನಿಲ್ಲಲಿ. ಅವಳಿಗೆ ಪುರಸೊತ್ತಿಲ್ಲದಿದ್ದರೆ ಇದ್ದ ಮಾತಿನಲ್ಲೇ ಸಾಗಿಸುತ್ತೇನೆ.

ಬಂದಾಗಿನಿಂದ ಆ ವೀರನು ಮಾಡಿದ್ದು, ಬೇರೆಯವರು ಮಾಡಿದ ಒಳ್ಳೆಯ ಕೆಲಸಗಳ ಚಿತ್ರಗಳನ್ನು ಸ್ಲೈಡುಗಳಿಗೆ ಅಂಟಿಸುವುದು. ಕಂಪನಿಯ ಯಜಮಾನರಿಗೆ ಭಾಷಣ ಬರೆದುಕೊಡುವುದು. ಅವನ ಮೇಲಧಿಕಾರಿಣಿ ಮರೈಕೆ, ಸೌಮ್ಯಮುಖಿ, ಅವನ ಮೌಲ್ಯಮಾಪನವನ್ನು ಆ ವಾರವೇ ಬರೆಯಬೇಕಿತ್ತು. ಅವಳು ಒಪ್ಪಿದರೆ ಪಾಸು. ಒಪ್ಪದಿದ್ದರೆ ಕಾಲೇಜಿನಲ್ಲಿ ಇನ್ನೊಂದು ವರ್ಷ. ಇದು ನನ್ನ ಕೈಯಿಂದ ಆದದ್ದು ಎಂದು ಬೆರಳಿಟ್ಟು ತೋರಿಸಲು ಅವನ ಬಳಿ ಒಂದೂ ಕೆಲಸವಿರಲಿಲ್ಲ.

ಗೋದಾಮಿನ ಹಿಂದೆ ಒಂದು ತುಂಡು ನೆಲವಿತ್ತು. ಜೇನುಹುಳಗಳಿಗೆಂದು ಕಂಪನಿ ಕೊಡಮಾಡಿದ ಹೂದೋಟವನ್ನು ಮರುದಿನ ಬೆಳಿಗ್ಗೆ ಯಜಮಾನರು ಅಲ್ಲೇ ಉದ್ಘಾಟಿಸುವವರಿದ್ದರು. ಮಧ್ಯಾಹ್ನ ಅದರ ಅಂಚಿನ ಬೆಂಚಿನ ಮೇಲೆ ಕೂತು ಬ್ರೆಡ್ಡು ತಿನ್ನುತ್ತ, ಮೃತ್ಯುಂಜಯನು ವಿಡಿಯೊ ಕಾಲ್ ಮಾಡಿದನು. ಹೊಲದಲ್ಲಿದ್ದ ತಾಯಿ ಗುರುಸಿದ್ಧವ್ವ ಪರದೆಯ ಮೇಲೆ ಪ್ರತ್ಯಕ್ಷಳಾದಳು.

"ತಮ್ಮಾ, ಫೋನ್ ಆ ಕಡೆ ಹಿಡಿ. ಅದೇನೋ ಬೆಳ್ಳಗ?"

"ನಾಳೆ ಇಲ್ಲಿ ಹೂದೋಟದ ಉದ್ಘಾಟನಿ ಐತಿ ಯವ್ವಾ."

"ಯಾವ ಹೂದೋಟ? ಕಾಂಗ್ರೆಸ್ ಕಸ ಎದಿಮಟ ನಿಂತೈತಲ್ಲೋ! ಹೂವಾಗೇತಿ ಬ್ಯಾರೆ. ಬೀಜ ಉದುರಿತಂದ್ರ ಮುಗೀತು. ಅದನ್ನ ನೋಡಕೋತ ಕುಂತು ತಿನ್ನಾಕತ್ತೀಯಲ್ಲ, ಗಂಟಲದಾಗ ಹೆಂಗ ಇಳೀತೈತಿ ನಿನಗ?"

"ನಂದು ಕಂಪ್ಯೂಟರ್ ಕೆಲಸ ಯವ್ವಾ."

"ಕಂಪ್ಯೂಟರ್ ಒತ್ತೋ ಕೈ ಕುರ್ಪಿ ಹಿಡದ್ರ ಸವೀತೈತೇನು? ನೀ ಇದ್ದಲ್ಲಿ ಹೊಲ ಹಿಂಗ ಬಿದ್ದೈತಿ ಅಂದ್ರ ಮಂದಿ ನಿನಗಲ್ಲಪ್ಪಾ, ನನಗಂತಾರ!"

ಸಾಲಿನಲ್ಲಿ ಕೂತಿದ್ದ ಹೆಣ್ಣಾಳುಗಳು ನಕ್ಕ ಸದ್ದು ಸಮುದ್ರ ದಾಟಿ ಬಂದು ಅವನ ಕಿವಿಯನ್ನು ಸುಟ್ಟಿತು.

ಅವನು ಮತ್ತೊಮ್ಮೆ ನೋಡಿದನು. ಸಣ್ಣ ಬಿಳಿ ಹೂ, ಹರಿದಂಥ ಎಲೆ, ಬಡಕಲು ಕಾಂಡ. ತಾನೇ ಮಾಡಿದ ಸ್ಲೈಡಿನಲ್ಲಿ ಅಂಗೈಯಗಲದ ಬಣ್ಣದ ಹೂಗಳಿದ್ದವು. ಅಂದರೆ ಹೂವಿನ ಸಸಿಗಳು ನಾಳೆ ಲಾರಿಯಲ್ಲಿ ಬರುತ್ತವೆ. ಸಸಿ ಬರುವ ಮೊದಲು ನೆಲ ಹಸನಾಗಬೇಡವೇ? ಭೂಮಿ ಹುಟ್ಟಿದಾಗಿನಿಂದ ಯಾವ ರೈತನಾದರೂ ಕಸದ ನಡುವೆ ನಾಟಿ ಮಾಡಿದ್ದುಂಟೇ?

ಸಂಜೆ ಆಫೀಸು ಖಾಲಿಯಾಯಿತು. ಸಲಕರಣೆಗಳ ಕೋಣೆಯ ಕೀಲಿ ಕಾವಲುಗಾರ ಹೆಂಕ್‌ನ ಬಳಿಯಿತ್ತು.

"ಮರೈಕೆ ಹೇಳಿದ್ದಾಳಾ?" ಎಂದು ಆ ವೃದ್ಧನು ಕೇಳಿದನು.

ಅದಕ್ಕೆ ಮೃತ್ಯುಂಜಯನು ತಡವರಿಸುವ ಇಂಗ್ಲಿಷಿನಲ್ಲಿ ಕೊಟ್ಟ ಉತ್ತರವನ್ನು ಅದರ ಘನತೆಗೆ ಒಪ್ಪುವ ಕನ್ನಡದಲ್ಲಿ ಕೇಳಬೇಕು: "ಎಲೈ ದ್ವಾರಪಾಲಕಶ್ರೇಷ್ಠನೇ! ಬಾಯಿಗೆ ಬಂದ ತುತ್ತನ್ನು ನುಂಗಲು ಅಪ್ಪಣೆ ಬೇಕೆ? ಎರೆಹೊಲದ ಕರಿಕೆಹುಲ್ಲಿನ ಬೇರನ್ನು ಪಾತಾಳದವರೆಗೂ ಬೆನ್ನಟ್ಟಿದ ಕುಲ ನಮ್ಮದು. ಈ ಬಡಕಲು ಸೈನ್ಯ ನನಗೆ ಯಾವ ಲೆಕ್ಕ? ಗುದ್ದಲಿಯನ್ನಿತ್ತು ದೂರ ಸರಿ!"

"ಸರಿಯೋದ್ಯಾಕೆ, ಎರಡಿವೆ. ಮನೆಗೆ ಹೋದರೆ ನಾನು ಟಿವಿಯನ್ನೇ ನೋಡಬೇಕು," ಎಂದು ಹೆಂಕ್ ತಾನೂ ಒಂದನ್ನು ಹೆಗಲಿಗಿಟ್ಟನು.

ಆಮೇಲೆ ನಡೆದ ಸಮರವನ್ನು ನೋಡಲೆಂದೇ ಸೂರ್ಯನು ಮುಳುಗದೆ ನಿಂತನೆಂದು ಹೇಳಬಹುದಿತ್ತು; ಆ ದೇಶದಲ್ಲಿ ಜೂನ್ ತಿಂಗಳಿಡೀ ಅವನ ನಡತೆ ಹಾಗೆಯೇ. ಶ್ವೇತಪುಷ್ಪಕಿರೀಟಧಾರಿಗಳಾದ ಶತ್ರುಗಳು ಗುಂಪುಗುಂಪಾಗಿ ಉರುಳಿದರು. ಛಿನ್ನಪತ್ರರೂ ಭಗ್ನಕಾಂಡರೂ ಉತ್ಪಾಟಿತಮೂಲರೂ ಆದವರನ್ನು ಕೈಗಾಡಿ ಹೊತ್ತು ಗೊಬ್ಬರದ ಗುಂಡಿಗೆ ಸಾಗಿಸಿತು. ರಣಾಂಗಣದ ತುಂಬ ಹಾರಾಡುತ್ತಿದ್ದ ಜೇನುಹುಳಗಳ ಝೇಂಕಾರವನ್ನು ವೀರನು ಜಯಘೋಷವೆಂದು ಭಾವಿಸಿದನು. ಕೊನೆಗೆ ನೆಲ ಅಂಗೈಯಂತೆ ಹಸನಾಯಿತು. ಅವನು ಫೋಟೋ ಕಳಿಸಿದನು. ತಾಯಿ ಬೆಳಗಿನ ಜಾವ ಎದ್ದವಳು, "ಈಗ ಹೊಲ ಅಂದ್ರ ಹೊಲ" ಎಂದು ಧ್ವನಿ ಕಳಿಸಿದಳು.

ಬೆಳಿಗ್ಗೆ ಯಜಮಾನರು ಬಂದರು, ನೌಕರರು ಬಂದರು, ಶಾಲೆಯ ಮಕ್ಕಳು ಬಂದರು. ಲಾರಿ ಮಾತ್ರ ಬರಲಿಲ್ಲ. ಯಜಮಾನರು ಕತ್ತೆತ್ತದೆ ಹಾಳೆ ನೋಡಿಕೊಂಡು ಓದಿದರು: "ನಿಮ್ಮ ಕಣ್ಣೆದುರು ನಲಿಯುತ್ತಿರುವ ಈ ಕಾಡುಹೂಗಳ ಸಮೃದ್ಧಿ..." ಅದು ಮೃತ್ಯುಂಜಯನೇ ಬರೆದ ವಾಕ್ಯ. ಜನ ಬರಿಮಣ್ಣನ್ನು ನೋಡಿದರು. ಸಭ್ಯರಾದ್ದರಿಂದ ಚಪ್ಪಾಳೆ ತಟ್ಟಿದರು. ಒಂದು ಮಗು, "ಹೂ ಎಲ್ಲಿ?" ಎಂದಿತು. ಟೀಚರು ಅದರ ಕೈ ಅದುಮಿದರು.

ಎಲ್ಲರೂ ಹೋದ ಮೇಲೆ ಮರೈಕೆ ಕೇಳಿದಳು: "ಆ ಕಾಡುಹೂಗಳನ್ನು ಎರಡು ವರ್ಷ ಬೆಳೆಸಿದ್ದೆವು. ಕೀಳಲು ಯಾರು ಹೇಳಿದರು ನಿಮಗೆ?"

"ಯಾರೂ ಹೇಳಲಿಲ್ಲ, ಮೇಡಂ. ನಾನೂ ಕೇಳಲಿಲ್ಲ. ನಮ್ಮ ಕಡೆ ಇಂಥದ್ದೇ ಒಂದು ಕೆಟ್ಟ ಕಸ ಇದೆ."

"ಈಗ ನಾನೇನು ಬರೆಯಲಿ?"

"ನಡೆದದ್ದನ್ನೇ ಬರೆಯಿರಿ."

ಅವಳು ಬರೆದಳು: "ಶ್ರಮಕ್ಕೆ ಹಿಂಜರಿಯುವುದಿಲ್ಲ. ಶುರು ಮಾಡುವ ಮೊದಲು ಕೇಳುವ ಅಭ್ಯಾಸವಿಲ್ಲ. ಕಲಿಯಬಲ್ಲ." ಮತ್ತೆ ಬಹಳ ಹೊತ್ತು ಯೋಚಿಸಿ, ಪಾಸು ಎಂಬಲ್ಲಿ ಗುರುತು ಹಾಕಿದಳು.

ಉಳಿದದ್ದು ಹೆಂಕ್. ನಮ್ಮ ಹೊಲಕ್ಕೆ ಬಂದು ದುಡಿದವನ ಹೊಲಕ್ಕೆ ನಾವೂ ಹೋಗಿ ದುಡಿದು ಮುಯ್ಯಿ ತೀರಿಸುವುದು ಶಿರಹಟ್ಟಿ ಸೀಮೆಯ ಧರ್ಮ. ಕರಿಕೆಯನ್ನು ಪಾತಾಳದವರೆಗೂ ಬೆನ್ನಟ್ಟಿದ ಕುಲದವನು ಶನಿವಾರ ಹೆಂಕ್‌ನ ಹಿತ್ತಲಿಗೆ ಹೋಗಿ ಮಂಡಿಯೂರಿದನು.

"ಇದು ಹೂವೋ ಕಳೆಯೋ?"

"ಹೂವೇ ಇರಬೇಕು," ಎಂದ ಹೆಂಕ್.

"ಇದು?"

"ಗೊತ್ತಿಲ್ಲಪ್ಪ. ಹೆಂಡತಿ ಬರಲಿ, ತಡಿ. ಈ ಸಲ ಕೇಳಿಯೇ ಬಿಡೋಣ."

ಇಬ್ಬರೂ ಗುದ್ದಲಿ ಮಡಿಲಲ್ಲಿಟ್ಟುಕೊಂಡು ಕಾಫಿ ಕುಡಿಯುತ್ತ ಕೂತರು. ಸಂಜೆ ಆಕೆ ಅಂಗಡಿಯಿಂದ ಬಂದು, ಹಿತ್ತಲ ತುಂಬ ಕಣ್ಣಾಡಿಸಿ, ನಲ್ಲಿಯ ಬುಡದಲ್ಲಿದ್ದ ಒಂದೇ ಒಂದು ಕಳೆಯನ್ನು ತೋರಿಸಿದಳು.

ಮೃತ್ಯುಂಜಯನು ಅದನ್ನು ಎರಡು ಬೆರಳಲ್ಲಿ ಹಿಡಿದು ಕಿತ್ತನು. ಮುಯ್ಯಿ ತೀರಿತು.